ಕಾಣಿಕೆಗೆ ಲೆಕ್ಕ ಪರಿಶೋಧನೆ, ಮಗುವಿಗೇಕಿಲ್ಲ?

ಮಾರ್ಚ್ 31 ಹತ್ತಿರವಾಯಿತೆಂದರೆ ಬಸದಿಗಳ ಮತ್ತು ವಿದ್ಯಾರ್ಥಿನಿಲಯಗಳ ಆಡಳಿತ ಮಂಡಳಿಗಳಲ್ಲಿ ಒಂದು ಬಗೆಯ ಚುರುಕು ಮೂಡುತ್ತದೆ. ಕಾಣಿಕೆ ಡಬ್ಬಿಯ ಹಣ, ತೋಟದ ಅಡಿಕೆ ತೆಂಗಿನ ಉತ್ಪತ್ತಿ, ಠೇವಣಿಯ ಬಡ್ಡಿ, ಪಂಚಕಲ್ಯಾಣ ಮಹೋತ್ಸವದ ಉಳಿಕೆ ಎಲ್ಲವೂ ಖಾತೆಗೆ ಏರುತ್ತವೆ. ರಶೀದಿ ಇಲ್ಲದ ಒಂದು ವೋಚರು ಕಂಡರೂ ಲೆಕ್ಕ ಪರಿಶೋಧಕರು ಪ್ರಶ್ನಿಸುತ್ತಾರೆ. ಖಜಾಂಚಿಗಳು ಮಹಾಸಭೆಯಲ್ಲಿ ಎದ್ದು ನಿಂತು ಉತ್ತರಿಸುತ್ತಾರೆ. ವ್ಯಾಪಾರವೃತ್ತಿಯ ಸಮಾಜಕ್ಕೆ ಇದು ಒಪ್ಪುವ ಶಿಸ್ತು. ಆದರೆ ಅದೇ ಟ್ರಸ್ಟಿನ ಆಶ್ರಯದಲ್ಲಿ ತಾಯಿಯಿಂದ ದೂರವಾಗಿ ಬೆಳೆಯುತ್ತಿರುವ ಎಂಟು ವರ್ಷದ ಮಗುವೊಂದು ಇಲ್ಲಿಗೆ ಏಕೆ ಬಂತು, ಯಾರ ಆದೇಶದಿಂದ ಬಂತು, ಇನ್ನೂ ಏಕೆ ಇಲ್ಲಿಯೇ ಇದೆ, ಮನೆಗೆ ಮರಳುವುದು ಎಂದು ಎಂಬ ಪ್ರಶ್ನೆಗಳಿಗೆ ಆ ಖಾತೆಯ ಯಾವ ಪುಟದಲ್ಲಿ ಉತ್ತರವಿದೆ? ಹತ್ತು ರೂಪಾಯಿಯ ಕಾಣಿಕೆಗೆ ಸಿಗುವ ರಕ್ಷಣೆ ಹೆತ್ತ ಮನೆಯನ್ನು ಬಿಟ್ಟು ಬಂದ ಮಗುವಿಗೆ ಸಿಗುತ್ತಿಲ್ಲವೆಂದರೆ ಆ ಲೆಕ್ಕ ಅಪೂರ್ಣ.

ಈ ಪ್ರಶ್ನೆಯನ್ನು ಎತ್ತಿದಾಗಲೆಲ್ಲ ಬರುವ ಉತ್ತರ ಒಂದೇ: ಮಕ್ಕಳ ವಿಷಯವನ್ನು ನೋಡಿಕೊಳ್ಳಲು ಸರ್ಕಾರದ ಸಮಿತಿ ಇದೆಯಲ್ಲ! ಇದೆ, ನಿಜ. ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ 2015ರ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಒಂದಾದರೂ ಮಕ್ಕಳ ಕಲ್ಯಾಣ ಸಮಿತಿ ಇರಬೇಕು. ಅದರಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಪಾಲನೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಗುವನ್ನು 24 ಗಂಟೆಗಳೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು. ಮಗುವನ್ನು ಮೊದಲು ಹಾಜರುಪಡಿಸಿದ ದಿನದಿಂದ 4 ತಿಂಗಳೊಳಗೆ ಅಂತಿಮ ಆದೇಶ ಹೊರಬೀಳಬೇಕು. ಸಮಿತಿಗೆ ಪ್ರಥಮ ದರ್ಜೆಯ ನ್ಯಾಯಿಕ ದಂಡಾಧಿಕಾರಿಯ ಅಧಿಕಾರವನ್ನು ಕಾಯ್ದೆಯೇ ಕೊಟ್ಟಿದೆ. ಆದರೆ ಅದರಲ್ಲಿ ನ್ಯಾಯಾಧೀಶರು ಇರಬೇಕೆಂಬ ನಿಯಮವಿಲ್ಲ. ಮಗುವನ್ನು 18 ವರ್ಷದವರೆಗೆ ಮನೆಯಿಂದ ಹೊರಗಿರಿಸಬಲ್ಲ ಆದೇಶ ಮೂವರ ಸಹಿಯಿಂದ ಹೊರಡಬಲ್ಲುದು. ಅನಂತರ ಆ ಮಗುವಿನ ಸ್ಥಿತಿಗತಿಯನ್ನು ಮತ್ತೆ ಪರಿಶೀಲಿಸುವ ಹೊಣೆಯೂ ಅದೇ ಸಮಿತಿಯದು. ಬರೆದವರೇ ತಿದ್ದುವ ಉತ್ತರಪತ್ರಿಕೆಗೆ ಯಾವ ಶಾಲೆಯಲ್ಲಿ ಬೆಲೆ ಇದೆ? ಸಮಿತಿಯ ಸದಸ್ಯರ ಪ್ರಾಮಾಣಿಕತೆ ಇಲ್ಲಿ ಚರ್ಚೆಯ ವಸ್ತುವಲ್ಲ. ಖಜಾಂಚಿ ಪ್ರಾಮಾಣಿಕನೆಂಬ ಕಾರಣಕ್ಕೆ ಯಾವ ಟ್ರಸ್ಟೂ ಲೆಕ್ಕ ಪರಿಶೋಧನೆಯನ್ನು ಕೈಬಿಟ್ಟಿಲ್ಲ.

ಒಂದು ಹೋಲಿಕೆಯನ್ನು ಗಮನಿಸಬೇಕು. ಕಳವಿನ ಆಪಾದನೆಯ ಮೇಲೆ ಬಂಧಿತನಾದ ಪ್ರಾಯದವನನ್ನು ನ್ಯಾಯಾಂಗ ಬಂಧನದಲ್ಲಿ ಇರಿಸಬೇಕಾದರೆ ದಂಡಾಧಿಕಾರಿಗಳು ಒಮ್ಮೆಗೆ 15 ದಿನಕ್ಕಿಂತ ಹೆಚ್ಚಿನ ಅವಧಿಗೆ ಆದೇಶ ಮಾಡುವಂತಿಲ್ಲ. ಅವಧಿ ಮುಗಿದಾಗಲೆಲ್ಲ ನ್ಯಾಯಾಲಯ ಆ ಕಡತವನ್ನು ಮತ್ತೆ ತೆರೆಯಲೇಬೇಕು. ಯಾವ ತಪ್ಪನ್ನೂ ಮಾಡದ, ಬಡತನ ಅಥವಾ ತಂದೆಯ ಸಾವು ಅಥವಾ ತಾಯಿಯ ಕಾಯಿಲೆಯ ಕಾರಣದಿಂದ ಬಾಲಮಂದಿರ ಸೇರಿದ ಮಗು ಹಲವು ವರ್ಷ ಅಲ್ಲಿದ್ದರೂ ನ್ಯಾಯಾಧೀಶರೊಬ್ಬರು ಅದರ ಕಡತವನ್ನು ತಾವಾಗಿ ತೆರೆಯಲೇಬೇಕೆಂಬ ಕಡ್ಡಾಯವಿಲ್ಲ. ಆಪಾದಿತನಿಗೆ ಇರುವಷ್ಟು ನ್ಯಾಯಾಲಯದ ದರ್ಶನ ನಿರಪರಾಧಿ ಶಿಶುವಿಗೆ ಇಲ್ಲ!

ನ್ಯಾಯಾಲಯದ ಬಾಗಿಲು ಪೂರ್ತಿ ಮುಚ್ಚಿದೆ ಎಂದಲ್ಲ. ಕಾಯ್ದೆಯ 101ನೆಯ ಪ್ರಕರಣದಂತೆ ಸಮಿತಿಯ ಆದೇಶದಿಂದ ಬಾಧಿತರಾದವರು 30 ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರವೂ ಅದಕ್ಕುಂಟು. ಸಾಕು ಪೋಷಣೆ, ಪ್ರಾಯೋಜಕತ್ವಗಳ ವಿಷಯದ ಮೇಲ್ಮನವಿ ಮಾತ್ರ ಜಿಲ್ಲಾಧಿಕಾರಿಗಳ ಬಳಿಗೆ ಹೋಗುತ್ತದೆ. 102ನೆಯ ಪ್ರಕರಣ ಉಚ್ಚ ನ್ಯಾಯಾಲಯಕ್ಕೆ ಪುನರೀಕ್ಷಣೆಯ ಅಧಿಕಾರ ನೀಡುತ್ತದೆ. ಅರ್ಜಿ ಬಾರದಿದ್ದರೂ ಅದು ಸ್ವತಃ ಕಡತ ತರಿಸಿಕೊಳ್ಳಬಹುದು. ಕಾಗದದ ಮೇಲೆ ಇದು ಸುಂದರ ವ್ಯವಸ್ಥೆ. ಆದರೆ ಬೆಳ್ತಂಗಡಿ ತಾಲೂಕಿನ ಒಳಹಳ್ಳಿಯಲ್ಲಿ ಬೀಡಿ ಕಟ್ಟಿ ದಿನ ನೂಕುವ ವಿಧವೆಯೊಬ್ಬಳನ್ನು ಎಣಿಸಬೇಕು. ಜಿಲ್ಲಾ ಕೇಂದ್ರವಾದ ಮಂಗಳೂರು ಬೆಳ್ತಂಗಡಿ ಪೇಟೆಯಿಂದಲೇ ಸುಮಾರು 60 ಕಿಲೋಮೀಟರ್. ಹೋಗಿಬರಲು ಒಂದು ದಿನ. ಆ ದಿನ ಬೀಡಿಯಿಲ್ಲ, ಮಜೂರಿಯಿಲ್ಲ. ಆದೇಶದ ಪ್ರತಿಯನ್ನು ಕೇಳಿ ಪಡೆಯಬೇಕೆಂದು ಅವಳಿಗೆ ಹೇಳಿದವರು ಯಾರು? ಪ್ರತಿ ದೊರೆತರೂ ಅದರ ಕೊನೆಯಲ್ಲಿರುವ ದಿನಾಂಕದಿಂದ 30 ದಿನ ಎಣಿಸಬೇಕೆಂದು ತಿಳಿಸಿದವರು ಯಾರು? ‘ಮಗು ಅಲ್ಲಿ ಚೆನ್ನಾಗಿದೆ, ಮೂರು ಹೊತ್ತು ಊಟವಿದೆ’ ಎಂದು ನೆರೆಯವರು ಹೇಳುತ್ತಾರೆ, ಅವಳು ಸುಮ್ಮನಾಗುತ್ತಾಳೆ. ಆ ಮೌನವನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದು ನ್ಯಾಯವೇ?

ಸದುದ್ದೇಶವೊಂದಿದ್ದರೆ ವಿಧಿವಿಧಾನ ಬೇಕಿಲ್ಲವೆಂಬ ಭಾವನೆ ಪರದೇಶಗಳಲ್ಲಿಯೂ ಬಹುಕಾಲ ಇತ್ತು. ಅಮೆರಿಕದ ಅರಿಜೋನಾದಲ್ಲಿ 1964ರ ಜೂನ್ ತಿಂಗಳಲ್ಲಿ ಜೆರಾಲ್ಡ್ ಗಾಲ್ಟ್ ಎಂಬ 15 ವರ್ಷದ ಹುಡುಗನನ್ನು, ನೆರೆಯ ಮಹಿಳೆಗೆ ದೂರವಾಣಿಯಲ್ಲಿ ಅಸಭ್ಯವಾಗಿ ಮಾತನಾಡಿದನೆಂಬ ದೂರಿನ ಮೇಲೆ ಹಿಡಿದು, 21 ವರ್ಷ ತುಂಬುವವರೆಗೆ ಕೈಗಾರಿಕಾ ಶಾಲೆಗೆ ಕಳುಹಿಸಲಾಯಿತು. ಅದೇ ತಪ್ಪಿಗೆ ವಯಸ್ಕನಿಗೆ 50 ಡಾಲರ್‌ವರೆಗಿನ ದಂಡ ಅಥವಾ ಹೆಚ್ಚೆಂದರೆ ಎರಡು ತಿಂಗಳ ಸೆರೆ. ತಂದೆತಾಯಿಗೆ ಸರಿಯಾದ ಸೂಚನಾಪತ್ರವಿಲ್ಲ, ವಕೀಲರಿಲ್ಲ, ದೂರು ಕೊಟ್ಟವಳ ಹಾಜರಿಯೇ ಇಲ್ಲ; ಆ ರಾಜ್ಯದ ಕಾನೂನಿನಲ್ಲಿ ಬಾಲಕರ ಪ್ರಕರಣಕ್ಕೆ ಮೇಲ್ಮನವಿಗೂ ಅವಕಾಶವಿರಲಿಲ್ಲ. ಎಲ್ಲವೂ ಹುಡುಗನ ಹಿತಕ್ಕಾಗಿಯೇ ನಡೆದದ್ದು! 1967ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಇದನ್ನು ತಳ್ಳಿಹಾಕಿ, ಹಿತದ ಹೆಸರಿನಲ್ಲಿ ನಡೆಯುವ ಕ್ರಮಕ್ಕೂ ವಿಧಿವತ್ತಾದ ವಿಚಾರಣೆ ಬೇಕೆಂದು ತೀರ್ಮಾನಿಸಿತು. 1980ರಲ್ಲಿ ಆ ದೇಶ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಮನೆಯಿಂದ ಹೊರಗೆ ಇರಿಸಿದ ಪ್ರತಿ ಮಗುವಿನ ಸ್ಥಿತಿಯನ್ನು ಆರು ತಿಂಗಳಿಗೊಮ್ಮೆ ಪರಿಶೀಲಿಸಬೇಕು, 18 ತಿಂಗಳೊಳಗೆ ಅದರ ಭವಿಷ್ಯದ ವಿಚಾರಣೆ ನಡೆಸಬೇಕು ಎಂದು ಶಾಸನ ಮಾಡಿತು. 1997ರಲ್ಲಿ ಆ 18 ತಿಂಗಳನ್ನು 12ಕ್ಕೆ ಇಳಿಸಿತು. ಅಲ್ಲಿನ ಸಂಸಾರಗಳ ಬಗ್ಗೆ ಇಲ್ಲಿ ಭಾಷಣ ಬಿಗಿಯುವವರು ಈ ಒಂದು ಅಂಶವನ್ನಾದರೂ ಕಲಿಯಬಹುದಿತ್ತು.

ಇಷ್ಟೆಲ್ಲ ಹೇಳಿದ್ದು ಸಮಿತಿಯ ಆದೇಶವಿರುವ ಮಕ್ಕಳ ಮಾತು. ಆದೇಶವೇ ಇಲ್ಲದೆ ಬಂದ ಮಕ್ಕಳ ಗತಿ ಏನು? ಊರಿನ ಗಣ್ಯರೊಬ್ಬರ ಶಿಫಾರಸು, ತಾಯಿಯ ಹೆಬ್ಬೆಟ್ಟು, ಒಂದು ಅರ್ಜಿ. ಇಷ್ಟರಿಂದಲೇ ಮಗು ಸಂಸ್ಥೆಯ ಕೈಗೆ ಬರುತ್ತದೆ. ಆದೇಶವಿಲ್ಲದ ಮೇಲೆ ಮೇಲ್ಮನವಿ ಯಾವುದರ ಮೇಲೆ? ಪರಿಶೀಲನೆ ಯಾರಿಂದ? ಕಾಯ್ದೆಯ 41ನೆಯ ಪ್ರಕರಣ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪಾಲನೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಕ್ಕಳನ್ನು ಪೂರ್ಣವಾಗಿಯಾಗಲಿ ಭಾಗಶಃವಾಗಿಯಾಗಲಿ ಇರಿಸಿಕೊಳ್ಳುವ ಪ್ರತಿ ಸಂಸ್ಥೆಯೂ, ಸರ್ಕಾರದ ಅನುದಾನ ಪಡೆಯಲಿ ಬಿಡಲಿ, ನೋಂದಣಿ ಮಾಡಿಸಲೇಬೇಕು. ತಪ್ಪಿದರೆ ಒಂದು ವರ್ಷದವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ತಮಿಳುನಾಡಿನ ಅನಾಥಾಲಯಗಳಲ್ಲಿ ಮಕ್ಕಳ ಶೋಷಣೆಯ ಪ್ರಕರಣದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ 2017ರ ಮೇ 5ರಂದು ತೀರ್ಪಿತ್ತು, ದೇಶದ ಎಲ್ಲ ಸಂಸ್ಥೆಗಳ ನೋಂದಣಿ ಆ ವರ್ಷದ ಡಿಸೆಂಬರ್ 31ರೊಳಗೆ ಮುಗಿಯಬೇಕೆಂದೂ ಪ್ರತಿ ಮಗುವಿಗೂ ಪ್ರತ್ಯೇಕ ಪಾಲನಾ ಯೋಜನೆ ಇರಬೇಕೆಂದೂ ಆದೇಶಿಸಿತು. ‘ಭಾಗಶಃ’ ಎಂಬ ಮಾತನ್ನು ಟ್ರಸ್ಟಿಗಳು ಎರಡು ಬಾರಿ ಓದಬೇಕು. ನೂರು ವಿದ್ಯಾರ್ಥಿಗಳ ನಿಲಯದಲ್ಲಿ ಐವರು ಅನಾಥರಿದ್ದರೂ ಆ ಐವರ ಮಟ್ಟಿಗೆ ‘ಇದು ಕೇವಲ ಹಾಸ್ಟೆಲು’ ಎಂಬ ನೆಪ ನಡೆಯದು. ಜೈನರು 2014ರ ಜನವರಿಯಲ್ಲಿ ರಾಷ್ಟ್ರಮಟ್ಟದ ಅಲ್ಪಸಂಖ್ಯಾತರೆಂದು ಘೋಷಿತರಾದುದು ಶಿಕ್ಷಣ ಸಂಸ್ಥೆಗಳನ್ನು ನಡೆಸುವ ಹಕ್ಕಿಗೆ ಬಲ ಕೊಟ್ಟಿದೆ. ಮಕ್ಕಳನ್ನು ಪರಿಶೀಲನೆಯಿಂದ ಮರೆಮಾಡುವ ಹಕ್ಕನ್ನು ಕೊಟ್ಟಿಲ್ಲ.

ಇಲ್ಲಿ ವಿವೇಚನೆ ಬೇಕು. ಓದಿಗಾಗಿ ಮನೆ ಬಿಟ್ಟು ಬಂದು, ರಜೆಗೆ ಮನೆಗೆ ಹೋಗಿ ಬರುವ ಹುಡುಗನ ವಿಷಯ ಬೇರೆ. 1940ರಲ್ಲಿ ಮಂಜಯ್ಯ ಹೆಗ್ಗಡೆಯವರು ಉಜಿರೆಯಲ್ಲಿ ಆರಂಭಿಸಿದ ಸಿದ್ಧವನ ಗುರುಕುಲದಂಥ ಸಂಸ್ಥೆಗಳು ಶಾಲೆ ದೂರವಿದ್ದ ಕಾಲದಲ್ಲಿ ಬಡ ಹುಡುಗರಿಗೆ ಅಕ್ಷರದ ದಾರಿ ತೆರೆದವು. ಅದರ ಉಪಕಾರವನ್ನು ಮರೆತರೆ ಕೃತಘ್ನತೆಯಾದೀತು. ಆಕ್ಷೇಪವಿರುವುದು ವಿದ್ಯಾರ್ಥಿನಿಲಯದ ಹೆಸರಿನಲ್ಲಿ ಅನಾಥಾಲಯ ನಡೆಯುವುದಕ್ಕೆ. ರಜೆ ಬಂದಾಗ ಹೋಗಲು ಮನೆಯಿಲ್ಲದ, ಅಥವಾ ಮನೆಯಿದ್ದೂ ಕಳುಹಿಸುವವರಿಲ್ಲದ ಮಗುವನ್ನು ಗುರುತಿಸಲು ವಾರ್ಡನ್ನರಿಗೆ ಯಾವ ಕಾನೂನಿನ ಪದವಿಯೂ ಬೇಕಾಗದು; ದೀಪಾವಳಿಯ ದಿನ ಊಟದ ಪಂಕ್ತಿಯನ್ನು ನೋಡಿದರೆ ಸಾಕು.

ಧರ್ಮದ ದೃಷ್ಟಿಯಿಂದಲೂ ಇದನ್ನು ಪರಾಮರ್ಶಿಸಬೇಕು, ಏಕೆಂದರೆ ಇಂಥ ಕಾರ್ಯಗಳೆಲ್ಲ ನಡೆಯುವುದು ಧರ್ಮದ ಹೆಸರಿನಲ್ಲಿ. ಮುನಿಗಳ ಐದು ಸಮಿತಿಗಳಲ್ಲಿ ಆದಾನನಿಕ್ಷೇಪಣ ಸಮಿತಿ ಒಂದು. ಶಾಸ್ತ್ರಗ್ರಂಥವನ್ನೋ ಕಮಂಡಲುವನ್ನೋ ಎತ್ತುವ ಮುನ್ನ, ಇಡುವ ಮುನ್ನ, ನೋಡಿ, ಪಿಂಛಿಯಿಂದ ಮೃದುವಾಗಿ ಸವರಿ, ಯಾವ ಜೀವಕ್ಕೂ ನೋವಾಗದೆಂದು ಖಚಿತಪಡಿಸಿಕೊಳ್ಳಬೇಕು. ಒಂದು ಕಮಂಡಲುವನ್ನು ಎತ್ತಿಡಲು ಇಷ್ಟು ಎಚ್ಚರ ಬೇಕಾದಲ್ಲಿ ಒಂದು ಮಗುವನ್ನು ತಾಯಿಯ ಮಡಿಲಿನಿಂದ ಎತ್ತಿ ಅಪರಿಚಿತರ ನಡುವೆ ಇಡುವಾಗ ಎಷ್ಟು ಎಚ್ಚರ ಬೇಕು? ಶ್ರಾವಕನ ಅಹಿಂಸಾಣುವ್ರತದ ಅತಿಚಾರಗಳನ್ನು ತತ್ತ್ವಾರ್ಥಸೂತ್ರ ಎಣಿಸುವಾಗ ವಧಕ್ಕಿಂತ ಮೊದಲು ಹೆಸರಿಸುವುದು ಬಂಧವನ್ನು. ಪಶುವನ್ನು ನಿಷ್ಕಾರಣವಾಗಿ ಕಟ್ಟಿಹಾಕುವುದೂ ದೋಷವೆಂದ ಧರ್ಮದ ಅನುಯಾಯಿಗಳು, ಕಾರಣ ಮುಗಿದ ಮೇಲೂ ಮಗುವನ್ನು ಕಟ್ಟಡದೊಳಗೆ ಉಳಿಸಿಕೊಳ್ಳುವುದನ್ನು ಏನೆಂದು ಕರೆಯುವರು? ಚತುರ್ವಿಧ ದಾನಗಳಲ್ಲಿ ಆಹಾರ, ಔಷಧ, ಶಾಸ್ತ್ರಗಳ ಜತೆಗೆ ಅಭಯವೂ ಇದೆ. ಮೊದಲ ಮೂರಕ್ಕೆ ಶಿಲಾಫಲಕ ಹಾಕಿಸಲು ದಾನಿಗಳು ಸಾಲಾಗಿ ಬರುತ್ತಾರೆ. ತಾಯಿಯಿಂದ ಬೇರೆಯಾಗುವ ಭಯದಿಂದ ಮಗುವನ್ನು ಬಿಡಿಸುವ ದಾನಕ್ಕೆ ಫಲಕ ಹಾಕಲು ಗೋಡೆಯಿಲ್ಲವಾದ್ದರಿಂದಲೋ ಏನೋ, ಆ ಕಡೆ ಯಾರೂ ಸುಳಿಯುವುದಿಲ್ಲ.

ನ್ಯಾಯಾಲಯದ ಪರಿಶೀಲನೆ ಸಂಪ್ರದಾಯಕ್ಕೆ ಹೊರತೆಂದು ವಾದಿಸುವ ಹಿರಿಯರೂ ಇದ್ದಾರೆ. ತುಳುನಾಡಿನ ಜೈನ ಮನೆತನಗಳ ಚರಿತ್ರೆ ಬೇರೆ ಮಾತನ್ನೇ ಹೇಳುತ್ತದೆ. ಇಂದ್ರರ ಮನೆಗಳನ್ನು ಬಿಟ್ಟರೆ ಇಲ್ಲಿನ ಬಹುತೇಕ ಕುಟುಂಬಗಳು ಅಳಿಯಸಂತಾನ ಕಟ್ಟಿಗೆ ಒಳಪಟ್ಟವು. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ತಂದೆ ತೀರಿಕೊಂಡರೂ ಮಗುವಿನ ಮನೆ ಬದಲಾಗುತ್ತಿರಲಿಲ್ಲ. ಅಜ್ಜಿ, ದೊಡ್ಡಮ್ಮ, ಸೋದರಮಾವಂದಿರ ನಡುವೆ ಅದು ಬೆಳೆಯುತ್ತಿತ್ತು. ಅನಾಥಾಲಯವೆಂಬ ಕಟ್ಟಡದ ಅಗತ್ಯ ಆ ವ್ಯವಸ್ಥೆಗೆ ಕಂಡುಬರದಿದ್ದರೆ ಆಶ್ಚರ್ಯವಿಲ್ಲ. ಅದರಲ್ಲಿಯೂ ದೋಷಗಳಿದ್ದವು. ಯಜಮಾನನ ಮಾತೇ ಶಾಸನವಾಗಿದ್ದ ಮನೆಗಳಿದ್ದವು. ಆದರೆ ಯಜಮಾನನು ದುರಾಡಳಿತ ನಡೆಸಿದಾಗ ಕಿರಿಯ ಸದಸ್ಯರು ನ್ಯಾಯಾಲಯದಲ್ಲಿ ದಾವೆ ಹೂಡಿ ಅವನನ್ನು ಸ್ಥಾನದಿಂದ ಇಳಿಸಬಹುದಿತ್ತು, ಇಳಿಸಿದ್ದೂ ಉಂಟು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಆ ಕಟ್ಟಿಗೆ ಶಾಸನದ ರೂಪ ಕೊಟ್ಟಿತು. ಮಕ್ಕಳ ಪಾಲನೆಗೆ ಕಾನೂನೆಂಬುದೂ ಈ ಜಿಲ್ಲೆಗೆ ಹೊಸತಲ್ಲ. ದಕ್ಷಿಣ ಕನ್ನಡ ಸೇರಿದ್ದ ಮದ್ರಾಸ್ ಪ್ರಾಂತ್ಯವೇ 1920ರಲ್ಲಿ ದೇಶದ ಮೊದಲ ಮಕ್ಕಳ ಕಾಯ್ದೆಯನ್ನು ತಂದುದು. ಕುಟುಂಬದ ಆಸ್ತಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಲು ಹಿಂಜರಿಯದ ಮನೆತನಗಳು ಮಗುವಿನ ಮಾತು ಬಂದಾಗ ಮಾತ್ರ ‘ಮನೆಯ ಮಾತು ಹೊರಗೆ ಹೋಗಬಾರದು’ ಎನ್ನುವುದು ವಿಚಿತ್ರ.

ಗಂಡಹೆಂಡಿರ ವಿರಸದಲ್ಲಿಯೂ ಇದೇ ಕಥೆ. ಹಿರಿಯರು ಕುಳಿತು ಪಂಚಾತಿಕೆ ಮಾಡುತ್ತಾರೆ. ಛಾಪಾ ಕಾಗದದ ಮೇಲೆ ‘ಮಗುವಿನ ಮೇಲೆ ಇನ್ನು ಯಾವ ಹಕ್ಕೂ ಇಲ್ಲ’ ಎಂದು ಒಬ್ಬರಿಂದ ಬರೆಸಿಕೊಳ್ಳುತ್ತಾರೆ. ಮಗು ಅಡವಿನ ಒಡವೆಯೇ? ಜೈನರಿಗೂ ಅನ್ವಯಿಸುವ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 13ನೆಯ ಪ್ರಕರಣದಲ್ಲಿ ಅಪ್ರಾಪ್ತ ವಯಸ್ಕನ ಕ್ಷೇಮವೇ ಪರಮ ಪರಿಗಣನೆ. ಮಕ್ಕಳು ತಂದೆತಾಯಿಯ ಸೊತ್ತಲ್ಲ, ಸುಪರ್ದಿಯ ಆದೇಶ ಮಗುವಿನ ಸ್ಥಿತಿಗೆ ತಕ್ಕಂತೆ ಬದಲಾಗಬಲ್ಲುದು ಎಂದು ಸರ್ವೋಚ್ಚ ನ್ಯಾಯಾಲಯ 1973ರಷ್ಟು ಹಿಂದೆಯೇ ಹೇಳಿದೆ. ಅಂದಮೇಲೆ ಜಗಲಿಯಲ್ಲಿ ಬರೆದ ಕಾಗದ ಯಾರನ್ನು ಕಟ್ಟೀತು? 2019ರಲ್ಲಿ, ತಾಯಿ ಕಾಯಿಲೆಯಿಂದ ತೀರಿಕೊಂಡ ಮೇಲೆ ಅವಳ ಒಡಹುಟ್ಟಿದವರ ಬಳಿಯೇ ಉಳಿದ ಮಗುವಿಗಾಗಿ ತಂದೆ ಹೇಬಿಯಸ್ ಕಾರ್ಪಸ್ ಅರ್ಜಿ ತಂದಾಗ, ಅಂಥ ಅರ್ಜಿಯನ್ನು ವಿಚಾರಿಸಬಹುದೆಂದು ಅದೇ ನ್ಯಾಯಾಲಯ ಹೇಳಿ, ಮಗು ತಂದೆಯ ಬಳಿ ಇರಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು. ಅಳಿಯಸಂತಾನದ ನೆನಪಿರುವ ಮನೆಗಳಿಗೆ ಈ ಫಲಿತಾಂಶ ರುಚಿಸದಿರಬಹುದು. ಆದರೂ ಎರಡು ಕಡೆಯವರ ಅಹವಾಲನ್ನೂ ಬಹಿರಂಗವಾಗಿ ಕೇಳಿ, ಕಾರಣ ಬರೆದು ಕೊಟ್ಟ ತೀರ್ಮಾನ ಅದು. ಕೈಯಲ್ಲಿ ಹಿಡಿದು ಪ್ರಶ್ನಿಸಬಹುದಾದ ತೀರ್ಮಾನ.

ಸನ್ಯಾಸದ ವಿಷಯ ಇನ್ನೂ ಸೂಕ್ಷ್ಮ. 1933ರಲ್ಲಿ ಬಡೋದಾ ಸಂಸ್ಥಾನ ಅಪ್ರಾಪ್ತ ವಯಸ್ಕರ ದೀಕ್ಷೆಯನ್ನು ಕಾನೂನಿನಿಂದ ನಿರ್ಬಂಧಿಸಿದಾಗ ಗುಜರಾತಿನ ಜೈನ ಸಮಾಜ ಎರಡಾಗಿ ಒಡೆದು ವಾದಿಸಿತು. 2021ರ ಸೆಪ್ಟೆಂಬರಿನಲ್ಲಿ, ಉಡುಪಿಯ ಶಿರೂರು ಮಠದ ಪೀಠಕ್ಕೆ 16 ವರ್ಷದವರನ್ನು ನೇಮಿಸಿದ್ದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ ವಜಾ ಮಾಡಿ, 18 ತುಂಬದವರು ಸನ್ಯಾಸಿಯಾಗಬಾರದೆಂಬ ಕಾನೂನು ಇಲ್ಲವೆಂದಿತು. ಕಾನೂನಿನ ಸ್ಥಿತಿ ಹಾಗಿರಬಹುದು. ತಡೆಯುವ ಕಾನೂನಿಲ್ಲದಲ್ಲಿ ಹಿರಿಯರ ಹೊಣೆ ಇಮ್ಮಡಿಯಾಗುತ್ತದೆ ಎಂಬುದನ್ನು ಯಾವ ಮತದವರೂ ಅಲ್ಲಗಳೆಯಲಾರರು.

ಇನ್ನು ಹಣದ ಮಾತು, ಏಕೆಂದರೆ ಕೊನೆಗೆ ವಾದ ನಿಲ್ಲುವುದು ಅಲ್ಲಿಯೇ. ಮಗುವನ್ನು ಮನೆಯಲ್ಲೇ ಉಳಿಸಲು ದುಡ್ಡೆಲ್ಲಿದೆ ಎನ್ನುತ್ತಾರೆ. ಕಾಯ್ದೆಯ 45ನೆಯ ಪ್ರಕರಣ ಪ್ರಾಯೋಜಕತ್ವಕ್ಕೆ ಯಾರು ಅರ್ಹರೆಂದು ಹೇಳುತ್ತದೆ: ತಾಯಿ ವಿಧವೆಯೋ ವಿಚ್ಛೇದಿತಳೋ ಪರಿತ್ಯಕ್ತಳೋ ಆಗಿರುವ ಮಕ್ಕಳು, ಬಂಧುಗಳ ಮನೆಯಲ್ಲಿರುವ ಅನಾಥರು, ಪ್ರಾಣಾಂತಿಕ ಕಾಯಿಲೆಗೆ ತುತ್ತಾದವರ ಮಕ್ಕಳು, ಅಪಘಾತದಿಂದ ಅಶಕ್ತರಾದವರ ಮಕ್ಕಳು. ವಿದ್ಯಾರ್ಥಿನಿಲಯಗಳ ಬಾಗಿಲಿಗೆ ಬರುವವರಲ್ಲಿ ಬಹುಮಂದಿ ಇವರೇ ಅಲ್ಲವೇ? 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ ಈ ನೆರವು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹಿಂದೆ ಅದು 2,000 ಇತ್ತು. ವರ್ಷಕ್ಕೆ 48,000. ಟ್ರಸ್ಟೊಂದು 48 ಲಕ್ಷದಲ್ಲಿ ಹೊಸ ಮಹಡಿ ಕಟ್ಟಿಸುವ ಬದಲು ಅದೇ ಹಣದಿಂದ ಹತ್ತು ಮಕ್ಕಳನ್ನು ಅವರವರ ತಾಯಂದಿರ ಬಳಿಯಲ್ಲಿಯೇ ಹತ್ತು ವರ್ಷ ಓದಿಸಬಹುದು. ಈ ಗುಣಾಕಾರಕ್ಕೆ ವಾಣಿಜ್ಯ ಪದವಿ ಬೇಕಿಲ್ಲ. ಸಂಸ್ಥೆಯಲ್ಲಿ ಇರಿಸುವುದು ಕೊನೆಯ ಉಪಾಯವೆಂಬುದು ಕಾಯ್ದೆಯ 3ನೆಯ ಪ್ರಕರಣದ ಮೂಲತತ್ತ್ವಗಳಲ್ಲೊಂದು; ಟ್ರಸ್ಟುಗಳ ಆಯವ್ಯಯದಲ್ಲಿ ಅದು ಮೊದಲ ಉಪಾಯವಾಗಿ ಕುಳಿತಿದೆ.

ಹಾಗೆಂದು ನಾಳೆಯೇ ಎಲ್ಲರನ್ನೂ ಬಸ್ಸು ಹತ್ತಿಸಿ ಕಳುಹಿಸಬೇಕೆಂಬ ಅತಿರೇಕವೂ ಸಲ್ಲದು. 2020ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕರ್ನಾಟಕವೂ ಸೇರಿದಂತೆ ಎಂಟು ರಾಜ್ಯಗಳಿಗೆ ಪತ್ರ ಬರೆದು, ಸಂಸ್ಥೆಗಳಲ್ಲಿರುವ ಮಕ್ಕಳನ್ನು 100 ದಿನಗಳೊಳಗೆ ಕುಟುಂಬಕ್ಕೆ ಸೇರಿಸುವಂತೆ ತಿಳಿಸಿತು. ಆ ಪತ್ರದ ವಿಷಯವನ್ನು ಸರ್ವೋಚ್ಚ ನ್ಯಾಯಾಲಯವೇ ಕೈಗೆತ್ತಿಕೊಳ್ಳಬೇಕಾಯಿತು. ಮನೆಯೇ ನರಕವಾಗಿರುವ ಮಕ್ಕಳೂ ಇದ್ದಾರೆ. ಕುಡುಕ ತಂದೆಯ ಹೊಡೆತಕ್ಕೆ, ಅದಕ್ಕಿಂತಲೂ ಹೇಯವಾದ ಹಿಂಸೆಗೆ ಸಿಕ್ಕಿ ಬಂದವರಿದ್ದಾರೆ. ಪಂಚಾಂಗ ನೋಡಿ ಮಕ್ಕಳನ್ನು ಮರಳಿಸುವುದೂ, ಶಿಫಾರಸು ನೋಡಿ ಸೇರಿಸಿಕೊಳ್ಳುವುದೂ ಒಂದೇ ಜಾತಿಯ ಅವಿವೇಕ. ಎರಡರಲ್ಲಿಯೂ ಆ ಒಂದು ಮಗುವನ್ನು ಕರೆದು ಕೇಳಿದವರಿಲ್ಲ. ಅನೇಕಾಂತವನ್ನು ವ್ಯಾಖ್ಯಾನಿಸುವ ವೇದಿಕೆಗಳಲ್ಲಿ ಈ ಎರಡು ಏಕಾಂತಗಳ ಬಗ್ಗೆಯೂ ನಾಲ್ಕು ಮಾತು ಬರಬೇಕಾಗಿತ್ತು.

ಕೋರ್ಟೆಂದರೆ ವಿಳಂಬ, ಖರ್ಚು, ಮಗುವಿನ ಮನಸ್ಸಿಗೆ ಆಘಾತ ಎಂಬ ಆಕ್ಷೇಪದಲ್ಲಿ ಸ್ವಲ್ಪ ಹುರುಳುಂಟು. ವಿಳಂಬದ ಬಗ್ಗೆ ಸಮರ್ಥನೆ ಸಾಧ್ಯವಿಲ್ಲ. ಆದರೆ ಪರಿಶೀಲನೆಯೇ ಇಲ್ಲದೆ ಕಳೆಯುವ ವರ್ಷಗಳಿಗೆ ವಿಳಂಬವೆಂಬ ಹೆಸರನ್ನೂ ಯಾರೂ ಇಟ್ಟಿಲ್ಲ, ಅಷ್ಟೇ ವ್ಯತ್ಯಾಸ. ಖರ್ಚಿನ ಆಕ್ಷೇಪ ಮಾತ್ರ ಅಜ್ಞಾನದ್ದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಪ್ರಕರಣದಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯಬೇಕು. ಅದಕ್ಕಾಗಿ ಮಂಗಳೂರಿಗೂ ಹೋಗಬೇಕಿಲ್ಲ, ತಾಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿಯೇ ಅರ್ಜಿ ಕೊಡಬಹುದು.

ಟ್ರಸ್ಟುಗಳು ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಆಯವ್ಯಯ ಮಂಜೂರಾತಿಗೆ ಮೊದಲು ಒಂದು ವಿಷಯವನ್ನು ಸೇರಿಸಲಿ: ನಿಲಯದಲ್ಲಿರುವ ಮಕ್ಕಳಲ್ಲಿ ಸಮಿತಿಯ ಆದೇಶವಿರುವವರೆಷ್ಟು, ಆದೇಶ ಬೇಕಾಗಿದ್ದೂ ಇಲ್ಲದವರೆಷ್ಟು, ಕಳೆದ ಒಂದು ವರ್ಷದಲ್ಲಿ ಒಮ್ಮೆಯೂ ಮನೆಯ ಮುಖ ನೋಡದವರೆಷ್ಟು. ಮಕ್ಕಳ ಹೆಸರು ಸಭೆಯಲ್ಲಿ ಬೇಡ, ಅಂಕಿಗಳು ಸಾಕು. ಎರಡನೆಯ ಗುಂಪಿನವರ ವಿಷಯವನ್ನು ಮರುದಿನವೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಬರೆದು ತಿಳಿಸಲಿ. ಮೊದಲನೆಯ ಗುಂಪಿನ ಪ್ರತಿ ಮಗುವಿನ ತಾಯಿಗೋ ಪಾಲಕರಿಗೋ ಆದೇಶದ ಪ್ರತಿ ತಲುಪಿದೆಯೇ ಎಂದು ವಿಚಾರಿಸಿ, ತಲುಪಿಲ್ಲವಾದರೆ ಕಾರ್ಯದರ್ಶಿಗಳೇ ಅದನ್ನು ಮನೆಗೆ ಮುಟ್ಟಿಸಿ, 30 ದಿನಗಳ ಅವಧಿ ಎಂದು ಮುಗಿಯುತ್ತದೆ ಅಥವಾ ಮುಗಿದಿದೆ, ಮುಗಿದಿದ್ದರೂ ಕಾರಣ ಹೇಳಿ ನ್ಯಾಯಾಲಯವನ್ನು ಕೇಳಬಹುದು ಎಂದು ಕನ್ನಡದಲ್ಲೋ ತುಳುವಿನಲ್ಲೋ ಓದಿ ಹೇಳಿ ಬರಲಿ.